ದೀಪಧಾರಿಣಿಯ ಇನ್ನೊಂದು ಕೈಯಲ್ಲಿದ್ದ ಕಡತ

ಸಾರ್ವಜನಿಕ ಸೇವಾ ಸಂಸ್ಥೆಯೊಂದು ಹದಗೆಟ್ಟಾಗ ನಮ್ಮಲ್ಲಿ ಸಾಮಾನ್ಯವಾಗಿ ಮೂರು ಪರಿಹಾರಗಳು ಕೇಳಿಬರುತ್ತವೆ: ಹೆಚ್ಚು ಹಣ, ಹೊಸ ಕಟ್ಟಡ, ಖಡಕ್ ಅಧಿಕಾರಿ. ಈ ಮೂರೂ ಒದಗಿದ ಮೇಲೂ ಪರಿಸ್ಥಿತಿ ಸುಧಾರಿಸದಿದ್ದರೆ ನೌಕರರ ಸೋಮಾರಿತನವನ್ನೋ ಜನರ ನಿರಾಸಕ್ತಿಯನ್ನೋ ಹಳಿದು ಸುಮ್ಮನಾಗುತ್ತೇವೆ. ಸಂಸ್ಥೆಯೊಳಗೆ ದಿನನಿತ್ಯದ ಕೆಲಸ ಹೇಗೆ ನಡೆಯುತ್ತದೆ, ತಪ್ಪಾದಾಗ ಯಾರು ಉತ್ತರ ಹೇಳುತ್ತಾರೆ, ಕೆಳಹಂತದ ನೌಕರ ಕಂಡ ಸತ್ಯ ಮೇಲಿನವರಿಗೆ ತಲುಪುತ್ತದೆಯೇ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಕಾರ್ಯಸಂಸ್ಕೃತಿ ಎಂಬ ಪದ ಇಂದು ಆಡಳಿತ ಸುಧಾರಣೆಯ ವರದಿಗಳಲ್ಲಿ ಧಾರಾಳವಾಗಿ ಬಳಕೆಯಾಗುತ್ತಿದೆ. ಆ ಪದ ಹುಟ್ಟುವುದಕ್ಕೆ ಬಹಳ ಮೊದಲೇ ಅದರ ಸಾರವನ್ನು ಗ್ರಹಿಸಿ, ಇಡೀ ಬದುಕನ್ನು ಅದಕ್ಕಾಗಿ ತೆತ್ತ ಮಹಿಳೆಯೊಬ್ಬರಿದ್ದರು. ಅವರ ಹೆಸರು ಎಲ್ಲರಿಗೂ ಗೊತ್ತು. ಆದರೆ ಬೇರೆಯೇ ಕಾರಣಕ್ಕೆ.

ಫ್ಲಾರೆನ್ಸ್ ನೈಟಿಂಗೇಲ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಶಾಲಾ ಪಠ್ಯಪುಸ್ತಕದ ಚಿತ್ರ. ರಾತ್ರಿಯ ಕತ್ತಲಲ್ಲಿ ದೀಪ ಹಿಡಿದು, ಗಾಯಾಳು ಸೈನಿಕರ ಹಾಸಿಗೆಯಿಂದ ಹಾಸಿಗೆಗೆ ನಡೆಯುವ ಕರುಣಾಮಯಿ. ಅವರ ಜನ್ಮದಿನವಾದ ಮೇ 12ನ್ನು ಜಗತ್ತು ದಾದಿಯರ ದಿನವಾಗಿ ಆಚರಿಸುತ್ತದೆ. ಭಾರತ ಸರ್ಕಾರ ದಾದಿಯರಿಗೆ ನೀಡುವ ರಾಷ್ಟ್ರೀಯ ಪ್ರಶಸ್ತಿ ಅವರ ಹೆಸರಿನಲ್ಲಿದೆ. ಈ ಚಿತ್ರ ಸುಳ್ಳಲ್ಲ, ಆದರೆ ಅರ್ಧ ಸತ್ಯ. ಯುದ್ಧಭೂಮಿಯ ಆಸ್ಪತ್ರೆಯಲ್ಲಿ ಅವರು ಕಳೆದದ್ದು ಎರಡು ವರ್ಷಕ್ಕೂ ಕಡಿಮೆ ಅವಧಿ. ಅನಂತರದ ಐದು ದಶಕಗಳಲ್ಲಿ ಬಹುಪಾಲನ್ನು ಅವರು ಕಳೆದದ್ದು ಕಡತ, ಅಂಕಿಅಂಶ ಮತ್ತು ಪತ್ರಗಳ ನಡುವೆ. ದೀಪ ಹಿಡಿದ ಕೈ ಪ್ರಸಿದ್ಧವಾಯಿತು. ಕಡತ ಹಿಡಿದ ಕೈ ಮರೆವಿಗೆ ಸರಿಯಿತು.

ಒಲ್ಲದ ಮನೆತನ, ಒಲಿದ ವೃತ್ತಿ

1820ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿದ ಈಕೆಗೆ ಆ ಊರಿನ ಹೆಸರನ್ನೇ ಇಡಲಾಯಿತು. ಇಂಗ್ಲೆಂಡಿನ ಶ್ರೀಮಂತ ಮನೆತನ. ತಂದೆ ವಿಲಿಯಂ ನೈಟಿಂಗೇಲ್ ತಮ್ಮ ಇಬ್ಬರು ಹೆಣ್ಣುಮಕ್ಕಳಿಗೂ ಮನೆಯಲ್ಲೇ ಗ್ರೀಕ್, ಲ್ಯಾಟಿನ್, ಇತಿಹಾಸಗಳನ್ನು ಕಲಿಸಿದರು. ಆ ಕಾಲದ ಹುಡುಗಿಯರಿಗೆ ಅಪರೂಪವಾಗಿದ್ದ ಗಣಿತದಲ್ಲಿ ಫ್ಲಾರೆನ್ಸ್‌ಗೆ ವಿಶೇಷ ಒಲವಿತ್ತು. ಇಷ್ಟೆಲ್ಲ ಕಲಿಸಿದ ಮನೆತನ, ಮಗಳು ಆ ವಿದ್ಯೆಯನ್ನು ದುಡಿಮೆಗೆ ಬಳಸುತ್ತೇನೆಂದಾಗ ಮಾತ್ರ ಬೆಚ್ಚಿಬಿದ್ದಿತು. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಯಲ್ಲಿ ಕೆಲವು ತಿಂಗಳು ಶುಶ್ರೂಷೆ ಕಲಿಯಲು ಅವರು ಅನುಮತಿ ಕೇಳಿದಾಗ ಹೆತ್ತವರು ಖಂಡತುಂಡವಾಗಿ ನಿರಾಕರಿಸಿದರು.

ಅವರ ಆತಂಕ ಕೇವಲ ಅಂತಸ್ತಿನ ಹಮ್ಮಲ್ಲ. ಆಗಿನ ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ದಾದಿಯ ಕೆಲಸಕ್ಕೆ ತರಬೇತಿಯಾಗಲಿ, ಮರ್ಯಾದೆಯಾಗಲಿ, ಸರಿಯಾದ ವಸತಿಯಾಗಲಿ ಇರಲಿಲ್ಲ. ಎಷ್ಟೋ ಕಡೆ ದಾದಿಯರು ವಾರ್ಡಿನಲ್ಲೋ ಅದರ ಪಕ್ಕದ ಗೂಡಿನಂಥ ಕೋಣೆಯಲ್ಲೋ ಮಲಗಬೇಕಿತ್ತು. ಕುಡಿತ ವೃತ್ತಿಗೆ ಅಂಟಿದ ಕಳಂಕವಾಗಿತ್ತು. ಬೇರೆ ದಾರಿಯಿಲ್ಲದ ಹೆಂಗಸರು ಮಾಡುವ ಕೆಲಸ ಎಂಬ ಭಾವನೆ ಸಮಾಜದಲ್ಲಿ ಬೇರೂರಿತ್ತು. ಜನರ ನಿರೀಕ್ಷೆ ಕೆಳಮಟ್ಟದಲ್ಲಿದ್ದುದರಿಂದ ಕೆಲಸವೂ ಹಾಗೆಯೇ ಇತ್ತು. ಕೆಲಸ ಹಾಗಿದ್ದುದರಿಂದ ನಿರೀಕ್ಷೆ ಮೇಲೇರಲಿಲ್ಲ. ಸಾರ್ವಜನಿಕ ಸೇವೆಗಳು ಸಿಕ್ಕಿಬೀಳುವ ಈ ವಿಷಚಕ್ರ ನಮಗೂ ಅಪರಿಚಿತವಲ್ಲ.

ಸುಮಾರು ಆರು ವರ್ಷ ಕಾದ ಮೇಲೆ, 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ನ ಸೇವಾಸಂಸ್ಥೆಯಲ್ಲಿ ಮೂರು ತಿಂಗಳ ತರಬೇತಿ ಪಡೆಯಲು ಅವರಿಗೆ ಸಾಧ್ಯವಾಯಿತು. ಅಲ್ಲಿನ ಶುಶ್ರೂಷೆಯ ಗುಣಮಟ್ಟ ಅವರಿಗೆ ಅಷ್ಟೇನೂ ಹಿಡಿಸಲಿಲ್ಲ. ಮನಸ್ಸಿಗೆ ನಾಟಿದ್ದು ಅಲ್ಲಿನ ಹೆಂಗಸರ ಶ್ರದ್ಧೆ, ಕೆಲಸದ ಬಗ್ಗೆ ಅವರಿಗಿದ್ದ ಗೌರವ. 1853ರಲ್ಲಿ ಲಂಡನ್ನಿನ ಹಾರ್ಲೆ ಸ್ಟ್ರೀಟ್‌ನಲ್ಲಿದ್ದ ಚಿಕ್ಕ ಆಸ್ಪತ್ರೆಯೊಂದರ ಮೇಲ್ವಿಚಾರಕಿಯಾದಾಗ ಅವರು ಮೊದಲು ಮಾಡಿದ ಕೆಲಸಗಳಲ್ಲಿ ಕರುಣೆಯ ಮಾತೇ ಇರಲಿಲ್ಲ. ಬಿಸಿನೀರು ಕೊಳವೆಯ ಮೂಲಕ ಎಲ್ಲ ಮಹಡಿಗಳಿಗೂ ಬರಬೇಕು, ಊಟ ಮೇಲೇರಲು ಲಿಫ್ಟ್ ಬೇಕು, ಯಾವ ರೋಗಿ ಗಂಟೆ ಬಾರಿಸಿದರೆಂಬುದು ದಾದಿಗೆ ಒಡನೆ ತಿಳಿಯಬೇಕು ಎಂದು ಅವರು ಪಟ್ಟುಹಿಡಿದರು. ದಾದಿ ಮೆಟ್ಟಿಲು ಹತ್ತಿಳಿಯುವುದರಲ್ಲೇ ದಿನ ಕಳೆದರೆ ರೋಗಿಯ ಬಳಿ ಇರುವುದು ಯಾವಾಗ ಎಂಬುದು ಅವರ ಸರಳ ತರ್ಕ. ನೌಕರರನ್ನು ದೂರುವ ಮೊದಲು ಅವರ ಕೆಲಸದ ಸ್ವರೂಪವನ್ನು ನೋಡಬೇಕೆಂಬ ಪಾಠ ಇಲ್ಲಿಂದಲೇ ಆರಂಭವಾಗುತ್ತದೆ.

ಯಾರದೂ ಅಲ್ಲದ ಹೊಣೆ

1854ರಲ್ಲಿ ರಷ್ಯಾದ ವಿರುದ್ಧ ಕ್ರಿಮಿಯಾದಲ್ಲಿ ಯುದ್ಧ ಹೂಡಿದ ಬ್ರಿಟನ್, ತನ್ನ ಗಾಯಾಳುಗಳನ್ನು ಕಪ್ಪು ಸಮುದ್ರದಾಚೆ ಇಂದಿನ ಇಸ್ತಾಂಬುಲ್ ನಗರಕ್ಕೆ ಸೇರಿದ ಸ್ಕುಟಾರಿಗೆ ಸಾಗಿಸುತ್ತಿತ್ತು. ಟರ್ಕಿಯ ಸೈನ್ಯ ಬಿಟ್ಟುಕೊಟ್ಟಿದ್ದ ಬೃಹತ್ ಬ್ಯಾರಕ್ ಒಂದನ್ನು ಆಸ್ಪತ್ರೆಯೆಂದು ಕರೆಯಲಾಗಿತ್ತು. ಅಲ್ಲಿನ ದುಃಸ್ಥಿತಿಯನ್ನು ಟೈಮ್ಸ್ ಪತ್ರಿಕೆಯ ವರದಿಗಾರರು ಬಯಲಿಗೆಳೆದಾಗ ದೇಶವೇ ಕೆರಳಿತು. ಯುದ್ಧ ಖಾತೆಯ ಸಚಿವರಾಗಿದ್ದ ಸಿಡ್ನಿ ಹರ್ಬರ್ಟ್ ತಮ್ಮ ಪರಿಚಯದ ನೈಟಿಂಗೇಲ್‌ಗೆ ಪತ್ರ ಬರೆದರು. 38 ಮಂದಿ ದಾದಿಯರ ತಂಡದೊಂದಿಗೆ ಅವರು 1854ರ ನವೆಂಬರ್ ಮೊದಲ ವಾರ ಸ್ಕುಟಾರಿ ತಲುಪಿದರು.

ಅಲ್ಲಿ ಅವರು ಕಂಡದ್ದು ಕ್ರೌರ್ಯವನ್ನಲ್ಲ. ವೈದ್ಯರಲ್ಲಿ ಬಹುತೇಕರು ನಿದ್ದೆಗೆಟ್ಟು ದುಡಿಯುತ್ತಿದ್ದರು. ಹಣಕ್ಕೂ ತೀರಾ ಬರವಿರಲಿಲ್ಲ. ಕೊರತೆಯಿದ್ದುದು ಹೊಣೆಗಾರಿಕೆಗೆ. ಆಹಾರ ಸರಬರಾಜು ಒಂದು ಇಲಾಖೆಯದು, ಆಸ್ಪತ್ರೆಯ ಉಗ್ರಾಣ ಇನ್ನೊಂದರದು, ಚಿಕಿತ್ಸೆ ಮತ್ತೊಂದರದು, ಕಟ್ಟಡದ ದುರಸ್ತಿ ಮಗದೊಂದರದು. ಪ್ರತಿಯೊಬ್ಬ ಅಧಿಕಾರಿಯೂ ನಿಯಮದ ಚೌಕಟ್ಟಿನೊಳಗೇ ಇದ್ದ. ಒಟ್ಟಾರೆ ಫಲ ಮಾತ್ರ ಸಾವು. ಹಡಗಿನಿಂದ ಇಳಿದ ಸಾವಿರಾರು ಅಂಗಿಗಳು ಪರಿಶೀಲನಾ ಮಂಡಳಿ ಸಭೆ ಸೇರಿ ಒಪ್ಪಿಗೆ ಕೊಡದ ಕಾರಣ ವಾರಗಟ್ಟಲೆ ಮೂಟೆಯಲ್ಲೇ ಉಳಿದವು. ಗೋಡೆಯ ಈಚೆ ಸೈನಿಕರು ಚಳಿಯಲ್ಲಿ ನಡುಗುತ್ತಿದ್ದರು. ಕ್ರಿಮಿಯಾದಲ್ಲಿ ಸೈನಿಕರು ಸ್ಕರ್ವಿ ರೋಗದಿಂದ ನರಳುತ್ತಿದ್ದಾಗ, ಅದಕ್ಕೆ ಮದ್ದಾದ ನಿಂಬೆರಸ 1854ರ ಡಿಸೆಂಬರ್‌ನಲ್ಲೇ ಬಂದಿಳಿದಿತ್ತು. ದೈನಿಕ ಪಡಿತರದ ಪಟ್ಟಿಯಲ್ಲಿ ಅದರ ಹೆಸರಿಲ್ಲ ಎಂಬ ಕಾರಣಕ್ಕೆ ಫೆಬ್ರುವರಿಯವರೆಗೂ ಅದನ್ನು ಹಂಚಲಿಲ್ಲ. ನಿಯಮ ಮೀರಿ ಒಬ್ಬನ ಜೀವ ಉಳಿಸಿದವನಿಗೆ ನೋಟಿಸು ಬರಬಹುದಿತ್ತು. ನಿಯಮ ಪಾಲಿಸಿ ಹತ್ತು ಜನರನ್ನು ಸಾಯಲು ಬಿಟ್ಟವನನ್ನು ಕೇಳುವವರಿರಲಿಲ್ಲ. ನೌಕರಶಾಹಿಯ ರೋಗಲಕ್ಷಣವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ನಿದರ್ಶನ ಬೇಕೇ?

ನೈಟಿಂಗೇಲ್ ಎರಡು ಮಾರ್ಗ ಹಿಡಿದರು. ಮೊದಲನೆಯದು, ಅಧಿಕಾರದ ಸಾಲನ್ನು ಮುರಿಯದಿರುವುದು. ಹೆಂಗಸರ ತಂಡ ಬಂದದ್ದು ಸೈನ್ಯದ ವೈದ್ಯರಿಗೆ ಇಷ್ಟವಿರಲಿಲ್ಲ. ವೈದ್ಯರೇ ಕರೆಯುವವರೆಗೆ ಯಾವ ದಾದಿಯೂ ವಾರ್ಡಿಗೆ ಕಾಲಿಡಕೂಡದೆಂದು ನೈಟಿಂಗೇಲ್ ಕಟ್ಟಪ್ಪಣೆ ಮಾಡಿದರು. ಕಣ್ಣೆದುರೇ ನರಳುವವರಿದ್ದರೂ ದಾದಿಯರು ಬ್ಯಾಂಡೇಜು ಹೊಲಿಯುತ್ತಾ ಕುಳಿತರು. ಇದು ತಂಡದಲ್ಲೇ ಅಸಮಾಧಾನ ಹುಟ್ಟಿಸಿತು. ಕೆಲವೇ ದಿನಗಳಲ್ಲಿ ಗಾಯಾಳುಗಳ ಪ್ರವಾಹ ಹರಿದುಬಂದಾಗ ವೈದ್ಯರೇ ನೆರವು ಕೇಳಿದರು. ಎರಡನೆಯದು, ಮಾತಿಗಿಂತ ಮೊದಲು ಕೆಲಸ ತೋರಿಸುವುದು. ಸಾರ್ವಜನಿಕ ದೇಣಿಗೆ ಮತ್ತು ತಮ್ಮ ಸ್ವಂತ ಹಣದಿಂದ ಅವರು ಪೇಟೆಯಲ್ಲಿ ಅಂಗಿ, ತಟ್ಟೆ, ಸೋಪು, ಪೊರಕೆ ಕೊಂಡರು. ಮನೆಯೊಂದನ್ನು ಬಾಡಿಗೆಗೆ ಹಿಡಿದು, ಹಂಡೆಗಳನ್ನು ಕೂರಿಸಿ, ಸೈನಿಕರ ಹೆಂಡತಿಯರಿಗೆ ಬಟ್ಟೆ ಒಗೆಯುವ ಕೆಲಸ ಕೊಟ್ಟರು. ಪಥ್ಯದ ಅಡುಗೆಗೆ ಪ್ರತ್ಯೇಕ ಅಡುಗೆಮನೆ ತೆರೆದರು. ಶಿಸ್ತಿನ ವಿಷಯದಲ್ಲಿ ಅವರು ನಿಷ್ಠುರರು. ಕುಡಿದು ಸಿಕ್ಕಿಬಿದ್ದ ದಾದಿಯರನ್ನು ಮುಲಾಜಿಲ್ಲದೆ ಊರಿಗೆ ವಾಪಸು ಕಳುಹಿಸಿದರು.

ಇನ್ನೂ ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಸಾಮಾನ್ಯ ಸೈನಿಕ ಕುಡುಕ, ಕೈಗೆ ಹಣ ಕೊಟ್ಟರೆ ಹೆಂಡದಂಗಡಿಗೆ ಸುರಿಯುತ್ತಾನೆ ಎಂಬುದು ಮೇಲಧಿಕಾರಿಗಳ ದೃಢ ನಂಬಿಕೆಯಾಗಿತ್ತು. ನೈಟಿಂಗೇಲ್ ವಾಚನಾಲಯ ತೆರೆದರು, ಮನೆಗೆ ಹಣ ಕಳುಹಿಸುವ ವ್ಯವಸ್ಥೆ ಮಾಡಿಸಿದರು. ಆ ವ್ಯವಸ್ಥೆ ಊರ್ಜಿತವಾದ ಮೇಲೆ ಆರು ತಿಂಗಳಿಗೂ ಕಡಿಮೆ ಅವಧಿಯಲ್ಲಿ ಸೈನಿಕರು 71,000 ಪೌಂಡುಗಳನ್ನು ತಮ್ಮ ಮನೆಗಳಿಗೆ ಕಳುಹಿಸಿದರು. ಮನುಷ್ಯರನ್ನು ಪಶುಗಳಂತೆ ಕಂಡರೆ ಅವರು ಹಾಗೆಯೇ ವರ್ತಿಸುತ್ತಾರೆ, ಹೊಣೆಗಾರರಂತೆ ಕಂಡರೆ ಬಹುಮಟ್ಟಿಗೆ ಹೊಣೆಗಾರರಾಗುತ್ತಾರೆ ಎಂಬ ಅವರ ವಿಶ್ವಾಸಕ್ಕೆ ಈ ಮೊತ್ತವೇ ಸಾಕ್ಷಿ.

ಅಂಕಿಗಳು ಹೇಳಿದ ಕಹಿ ಸತ್ಯ

ಆದರೆ ದಂತಕಥೆ ಹೇಳದ ಸಂಗತಿಯೊಂದಿದೆ. ನೈಟಿಂಗೇಲ್ ಬಂದ ಮೇಲೂ ಸ್ಕುಟಾರಿಯಲ್ಲಿ ಸಾವು ಇಳಿಯಲಿಲ್ಲ. ಬದಲಿಗೆ ಆ ಚಳಿಗಾಲದಲ್ಲಿ ಏರಿತು. 1855ರ ಫೆಬ್ರುವರಿಯಲ್ಲಿ ಅಲ್ಲಿನ ಸಾವಿನ ಪ್ರಮಾಣ ಶೇ 42ನ್ನು ಮೀರಿತ್ತು. ಮಾರ್ಚ್‌ನಲ್ಲಿ ಸರ್ಕಾರ ಕಳುಹಿಸಿದ ನೈರ್ಮಲ್ಯ ಆಯೋಗ ಬಂದು ಕಟ್ಟಡದಡಿಯ ಚರಂಡಿಗಳನ್ನು ಬಗೆದು ಸ್ವಚ್ಛಗೊಳಿಸಿತು, ಸತ್ತ ಪ್ರಾಣಿಗಳನ್ನು ಎತ್ತಿಸಿತು, ನೀರಿನ ಮೂಲವನ್ನು ಶುದ್ಧಗೊಳಿಸಿತು, ಗೋಡೆಗಳಿಗೆ ಸುಣ್ಣ ಬಳಿಸಿತು, ಗಾಳಿಗೆ ದಾರಿ ಮಾಡಿತು. ಜೂನ್ ವೇಳೆಗೆ ಸಾವಿನ ಪ್ರಮಾಣ ಶೇ 2ರ ಆಸುಪಾಸಿಗೆ ಇಳಿಯಿತು.

ಯುದ್ಧ ಮುಗಿದು 1856ರ ಆಗಸ್ಟ್‌ನಲ್ಲಿ ಮರಳಿದಾಗ ನೈಟಿಂಗೇಲ್ ದೇಶದ ಆರಾಧ್ಯದೈವವಾಗಿದ್ದರು. ಮೆರವಣಿಗೆಗಳನ್ನು ತಪ್ಪಿಸಿಕೊಳ್ಳಲು ಸುಳ್ಳು ಹೆಸರಿನಲ್ಲಿ ಪ್ರಯಾಣ ಮಾಡಿ ಸದ್ದಿಲ್ಲದೆ ಮನೆ ಸೇರಿದರು. ಆ ಹೊತ್ತಿನಲ್ಲಿ ಅವರ ಮನಸ್ಸಿನಲ್ಲಿದ್ದುದು, ಸೈನಿಕರು ಸತ್ತದ್ದು ಮುಖ್ಯವಾಗಿ ಆಹಾರ, ಬಟ್ಟೆಗಳ ಕೊರತೆಯಿಂದ, ತಡವಾಗಿ ಆಸ್ಪತ್ರೆ ಸೇರಿದ್ದರಿಂದ ಎಂಬ ತೀರ್ಮಾನ. ಅನಂತರ ಸಂಖ್ಯಾಶಾಸ್ತ್ರಜ್ಞ ವಿಲಿಯಂ ಫಾರ್ ಜೊತೆ ಕುಳಿತು ಲೆಕ್ಕಗಳನ್ನು ತಾಳೆ ನೋಡಿದಾಗ ಬೇರೆಯೇ ಚಿತ್ರ ಮೂಡಿತು. ಯುದ್ಧದಲ್ಲಿ ಶತ್ರುವಿನ ಗುಂಡಿಗಿಂತ ಹಲವು ಪಟ್ಟು ಹೆಚ್ಚು ಸೈನಿಕರನ್ನು, ಸುಮಾರು 16,000 ಮಂದಿಯನ್ನು, ರೋಗ ಕೊಂದಿತ್ತು. ಗಾಳಿಯಾಡದ ಕೋಣೆ, ಕೊಳೆತ ಚರಂಡಿ, ಕಿಕ್ಕಿರಿದ ಹಾಸಿಗೆಗಳು ಮುಖ್ಯ ಹಂತಕರಾಗಿದ್ದವು. ಅವರೇ ದೀಪ ಹಿಡಿದು ನಡೆದ ಸ್ಕುಟಾರಿಯ ಆಸ್ಪತ್ರೆ ಅತ್ಯಂತ ಹೆಚ್ಚು ಸಾವು ಕಂಡ ತಾಣಗಳಲ್ಲೊಂದು.

ಈ ಅರಿವು ಅವರನ್ನು ಎಷ್ಟು ಘಾಸಿಗೊಳಿಸಿತು ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಅವರು ಮುಂದೆ ಮಾಡಿದ್ದೇನೆಂಬುದು ನಿರ್ವಿವಾದ. ತಮ್ಮ ಕೀರ್ತಿಗೆ ಕುಂದು ಬರಬಹುದಾದ ಅಂಕಿಗಳನ್ನು ಮುಚ್ಚಿಡಲಿಲ್ಲ, ಬಣ್ಣದ ಚಿತ್ರಗಳಾಗಿ ಮಾಡಿ ಹಂಚಿದರು. 1858ರಲ್ಲಿ ಪ್ರಕಟವಾದ ಆ ವೃತ್ತಾಕಾರದ ರೇಖಾಚಿತ್ರಗಳಲ್ಲಿ ಪ್ರತಿ ತಿಂಗಳಿಗೂ ಒಂದು ಹೋಳು. ತಡೆಯಬಹುದಾಗಿದ್ದ ರೋಗಗಳ ಸಾವಿಗೆ ನೀಲಿ, ಗಾಯದಿಂದಾದ ಸಾವಿಗೆ ಕೆಂಪು, ಇತರ ಕಾರಣಗಳಿಗೆ ಕಪ್ಪು. ವರದಿ ಓದುವ ವ್ಯವಧಾನವಿಲ್ಲದ ಮಂತ್ರಿಯೂ ಆ ನೀಲಿಯ ವಿಸ್ತಾರವನ್ನು ನೋಡಿ ಬೆಚ್ಚಬೇಕಿತ್ತು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘ ಅವರನ್ನು ತನ್ನ ಮೊದಲ ಮಹಿಳಾ ಸದಸ್ಯೆಯಾಗಿ ಆರಿಸಿತು.

ಇಲ್ಲೊಂದು ಮುಖ್ಯ ವಿಚಾರವಿದೆ. ಸ್ಕುಟಾರಿಯಲ್ಲಿ ಸತ್ತವರ ಲೆಕ್ಕವನ್ನು ಬೇರೆ ಬೇರೆ ದಫ್ತರುಗಳಲ್ಲಿ ಬರೆಯಲಾಗುತ್ತಿತ್ತು. ಒಂದು ಇನ್ನೊಂದಕ್ಕೆ ತಾಳೆಯಾಗುತ್ತಿರಲಿಲ್ಲ. ತನ್ನ ಸೋಲನ್ನು ಸರಿಯಾಗಿ ಎಣಿಸಿಕೊಳ್ಳಲಾರದ ಸಂಸ್ಥೆ ಅದನ್ನು ತಿದ್ದಿಕೊಳ್ಳುವುದು ಹೇಗೆ? ಆಸ್ಪತ್ರೆಗಳೆಲ್ಲ ಒಂದೇ ನಮೂನೆಯಲ್ಲಿ ರೋಗ, ಚಿಕಿತ್ಸೆ, ಸಾವುಗಳ ಲೆಕ್ಕವಿಡಬೇಕೆಂದು ನೈಟಿಂಗೇಲ್ ರೂಪಿಸಿದ ಪ್ರಸ್ತಾವವನ್ನು 1860ರಲ್ಲಿ ಲಂಡನ್ನಿನಲ್ಲಿ ಸೇರಿದ ಅಂತರರಾಷ್ಟ್ರೀಯ ಸಂಖ್ಯಾಶಾಸ್ತ್ರ ಸಮ್ಮೇಳನ ಅಂಗೀಕರಿಸಿತು. ಪ್ರಾಮಾಣಿಕ ದಾಖಲೆ ಅವರ ಪಾಲಿಗೆ ಗುಮಾಸ್ತನ ಕೆಲಸವಾಗಿರಲಿಲ್ಲ, ನೈತಿಕ ಕರ್ತವ್ಯವಾಗಿತ್ತು.

ಇಲಾಖೆಯೆಂಬ ಕೋಟೆ

1857ರಲ್ಲಿ ಸೈನ್ಯದ ಆರೋಗ್ಯ ಕುರಿತು ರಾಜ ಆಯೋಗ ರಚನೆಯಾಯಿತು. ಹೆಣ್ಣಾದ ಕಾರಣ ನೈಟಿಂಗೇಲ್ ಅದರ ಸದಸ್ಯರಾಗುವಂತಿರಲಿಲ್ಲ. ಅಧ್ಯಕ್ಷ ಸಿಡ್ನಿ ಹರ್ಬರ್ಟ್ ಅವರ ಹಿಂದೆ ನಿಂತು ಸಾಕ್ಷ್ಯಗಳನ್ನು ಜೋಡಿಸಿದರು, ಪ್ರಶ್ನೆಗಳನ್ನು ಸಿದ್ಧಪಡಿಸಿದರು, 800ಕ್ಕೂ ಹೆಚ್ಚು ಪುಟಗಳ ಸ್ವಂತ ವರದಿಯನ್ನು ಖಾಸಗಿಯಾಗಿ ಅಚ್ಚು ಹಾಕಿಸಿದರು. ಶಾಂತಿಕಾಲದಲ್ಲೂ ಬ್ಯಾರಕ್‌ಗಳಲ್ಲಿ ಇರುವ ಆಯ್ದ ಆರೋಗ್ಯವಂತ ಯುವಕರು ಹೊರಗಿನ ಅದೇ ವಯಸ್ಸಿನ ನಾಗರಿಕರಿಗಿಂತ ಸುಮಾರು ಎರಡು ಪಟ್ಟು ಪ್ರಮಾಣದಲ್ಲಿ ಸಾಯುತ್ತಿದ್ದಾರೆ ಎಂಬುದು ಆಯೋಗದ ಕಣ್ತೆರೆಸಿದ ಶೋಧ. ಬ್ಯಾರಕ್‌ಗಳ ಸುಧಾರಣೆ, ಸೈನ್ಯದ ಅಂಕಿಅಂಶ ವಿಭಾಗ, ಸೈನಿಕ ವೈದ್ಯಕೀಯ ಶಾಲೆ ಇವೆಲ್ಲ ಈ ಪ್ರಯತ್ನದ ಫಲ.

ಆದರೆ ಯುದ್ಧ ಇಲಾಖೆಯ ಆಂತರಿಕ ವ್ಯವಸ್ಥೆಯನ್ನೇ ತಿದ್ದುವ ಯತ್ನ ಸೋತಿತು. 1859ರಲ್ಲಿ ಹರ್ಬರ್ಟ್ ಮತ್ತೆ ಯುದ್ಧ ಸಚಿವರಾದರು. ಮಂತ್ರಿ ತಮ್ಮವರೇ ಆದರೂ ಕಾಯಂ ಅಧಿಕಾರಿಗಳ ಪ್ರತಿರೋಧ ಮುರಿಯಲಿಲ್ಲ. ನೇರವಾಗಿ ಬೇಡವೆನ್ನದೆ ಕಡತಗಳನ್ನು ತಡಮಾಡುವ, ಅಧಿಕಾರವನ್ನು ಹಂಚಿ ಹೊಣೆಯನ್ನು ತೇಲಿಸುವ ಕಲೆ ಅವರಿಗೆ ಕರಗತವಾಗಿತ್ತು. ಮೂತ್ರಪಿಂಡದ ಕಾಯಿಲೆಯಿಂದ ಕುಸಿಯುತ್ತಿದ್ದ ಹರ್ಬರ್ಟ್‌ಗೆ ವಿರಾಮ ಬೇಕಿತ್ತು. ನೈಟಿಂಗೇಲ್ ಅದನ್ನು ಒಪ್ಪುವ ಸ್ಥಿತಿಯಲ್ಲಿರಲಿಲ್ಲ. ಕೈಬಿಡಬಾರದೆಂದು ಒತ್ತಾಯಿಸುತ್ತಲೇ ಇದ್ದರು. 1861ರ ಆಗಸ್ಟ್‌ನಲ್ಲಿ ಹರ್ಬರ್ಟ್ ತೀರಿಕೊಂಡಾಗ ಅವರ ಶೋಕಕ್ಕೆ ಎಣೆಯಿರಲಿಲ್ಲ. ಸಂಸ್ಥೆಗಳ ಆರೋಗ್ಯಕ್ಕಾಗಿ ಹೋರಾಡಿದವರು ತಮ್ಮ ಜೊತೆಗಾರರ ಆರೋಗ್ಯವನ್ನು ಕಾಣದೇ ಹೋದದ್ದು ಈ ಬದುಕಿನ ದೊಡ್ಡ ವಿಪರ್ಯಾಸ. ಸುಧಾರಣೆ ಒಬ್ಬಿಬ್ಬರ ಹೆಗಲ ಮೇಲೆ ನಿಂತಾಗ ಆ ಹೆಗಲೇ ಮೊದಲು ಮುರಿಯುತ್ತದೆ.

ತಾನಿಲ್ಲದಾಗಲೂ ನಡೆಯುವ ಕೆಲಸ

ಕ್ರಿಮಿಯಾದಲ್ಲಿ ತಗುಲಿದ ಜ್ವರದ ಪರಿಣಾಮವಾಗಿ 1857ರ ನಂತರ ನೈಟಿಂಗೇಲ್ ಬಹುಕಾಲ ಹಾಸಿಗೆ ಹಿಡಿದೇ ಇದ್ದರು. ಆಸ್ಪತ್ರೆಯ ವಾರ್ಡಿನಲ್ಲಿ ಮತ್ತೆ ಕೆಲಸ ಮಾಡಲಿಲ್ಲ. ಬಹುಶಃ ಇದೇ ಕಾರಣದಿಂದ ಅವರ ಚಿಂತನೆ ಒಂದು ಪ್ರಶ್ನೆಯ ಸುತ್ತ ಗಟ್ಟಿಗೊಂಡಿತು: ನಾನು ಇದ್ದಾಗ ಆಗುವ ಕೆಲಸ ನಾನಿಲ್ಲದಾಗಲೂ ಆಗುವಂತೆ ಮಾಡುವುದು ಹೇಗೆ? ಶುಶ್ರೂಷೆಯ ಬಗ್ಗೆ ಅವರು ಆ ಕಾಲದಲ್ಲಿ ಬರೆದ ಪುಟ್ಟ ಪುಸ್ತಕದಲ್ಲಿ ಈ ವಿಷಯಕ್ಕೆಂದೇ ಒಂದು ಅಧ್ಯಾಯವಿದೆ. ಉಸ್ತುವಾರಿ ಎಂದರೆ ಎಲ್ಲವನ್ನೂ ತಾನೇ ಮಾಡುವುದಲ್ಲ, ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ಮಾಡುವಂತೆ ನೋಡಿಕೊಳ್ಳುವುದು ಎಂಬುದು ಅದರ ತಿರುಳು. ತಾನಿಲ್ಲದಿದ್ದರೆ ಕಚೇರಿಯೇ ನಿಲ್ಲುತ್ತದೆಂದು ಹೆಮ್ಮೆಪಡುವ ಅಧಿಕಾರಿ ವಾಸ್ತವವಾಗಿ ತನ್ನ ಸೋಲನ್ನು ಒಪ್ಪಿಕೊಳ್ಳುತ್ತಿರುತ್ತಾನೆ.

ಜನ ಕೃತಜ್ಞತೆಯಿಂದ ಕೂಡಿಸಿದ್ದ ಸುಮಾರು 45,000 ಪೌಂಡುಗಳ ನಿಧಿಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ತರಬೇತಿ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು ಕೇವಲ 15 ಮಂದಿ. ಅವರಿಗೆ ಊಟ, ವಸತಿ, ಸಮವಸ್ತ್ರದ ಜೊತೆಗೆ ವರ್ಷಕ್ಕೆ 10 ಪೌಂಡು ಭತ್ಯೆ. ವಾರ್ಡಿನಿಂದ ಬೇರೆಯಾದ ಗೌರವಯುತ ವಸತಿ. ದಾದಿಯರ ಮೇಲಿನ ಅಧಿಕಾರ ವೈದ್ಯರಿಗಾಗಲಿ ಗುಮಾಸ್ತರಿಗಾಗಲಿ ಅಲ್ಲ, ಅದೇ ವೃತ್ತಿಯಿಂದ ಬಂದ ಮೇಟ್ರನ್‌ಗೆ. ಪ್ರತಿ ತಿಂಗಳೂ ಒಬ್ಬೊಬ್ಬ ವಿದ್ಯಾರ್ಥಿನಿಯ ಬಗ್ಗೆ ಒಂದು ಪತ್ರಕ ತುಂಬಬೇಕು. ಬ್ಯಾಂಡೇಜು ಕಟ್ಟುವ ಕೌಶಲದಷ್ಟೇ ಮಹತ್ವ ಅದರಲ್ಲಿ ಸಮಯಪಾಲನೆ, ವಿಶ್ವಾಸಾರ್ಹತೆ, ಸೌಮ್ಯತೆ, ಶುಚಿತ್ವಗಳಿಗೂ ಇತ್ತು. ಇಂದು ಸಂಸ್ಥೆಗಳು ನೌಕರರ ಮೌಲ್ಯಮಾಪನಕ್ಕೆ ಬಳಸುವ ನಮೂನೆಗಳಿಗೆ ಇದೊಂದು ಪೂರ್ವಜ.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ಸುಖಾಂತ. ವಾಸ್ತವ ಹಾಗಿರಲಿಲ್ಲ. ಸುಮಾರು ಹನ್ನೆರಡು ವರ್ಷಗಳ ನಂತರ, 1870ರ ದಶಕದ ಆರಂಭದಲ್ಲಿ, ತಮ್ಮ ಹೆಸರಿನ ಶಾಲೆಯ ಒಳಸ್ಥಿತಿಯನ್ನು ಪರಿಶೀಲಿಸಿದಾಗ ನೈಟಿಂಗೇಲ್ ದಿಗ್ಭ್ರಮೆಗೊಂಡರು. ಪತ್ರಕಗಳೇನೋ ತುಂಬುತ್ತಿದ್ದವು, ಆದರೆ ಕಾಟಾಚಾರಕ್ಕೆ. ನಡೆಯಬೇಕಿದ್ದ ಪಾಠಗಳು ಸರಿಯಾಗಿ ನಡೆಯುತ್ತಿರಲಿಲ್ಲ. ಕಲಿಯಲು ಬಂದವರನ್ನು ಅಗ್ಗದ ಕೆಲಸದಾಳುಗಳಂತೆ ದುಡಿಸಿಕೊಳ್ಳಲಾಗುತ್ತಿತ್ತು. ಹೊರಜಗತ್ತಿನಲ್ಲಿ ಕೀರ್ತಿ ಹಬ್ಬುತ್ತಿದ್ದಾಗ ಒಳಗೆ ಟೊಳ್ಳು ಬೆಳೆಯುತ್ತಿತ್ತು. ಸ್ಕುಟಾರಿಯ ರೋಗವೇ ಅವರ ಮನೆಯಂಗಳಕ್ಕೆ ಬಂದಿತ್ತು: ಕಾಗದದಲ್ಲಿ ಎಲ್ಲವೂ ಸರಿ, ವಾರ್ಡಿನಲ್ಲಿ ಏನೂ ಸರಿಯಿಲ್ಲ.

ಅವರು ಆಯ್ದುಕೊಂಡ ಪರಿಹಾರ ಇನ್ನೊಂದು ನಮೂನೆಯಲ್ಲ, ಇನ್ನೊಂದು ಸುತ್ತೋಲೆಯೂ ಅಲ್ಲ. ವಿದ್ಯಾರ್ಥಿನಿಯರನ್ನು ಒಬ್ಬೊಬ್ಬರಾಗಿ ಮನೆಗೆ ಕರೆಸಿ, ಚಹಾ ಕೊಟ್ಟು, ಅವರ ಅನುಭವ ಕೇಳತೊಡಗಿದರು; ಕೇಳಿದ್ದನ್ನು ಬರೆದಿಟ್ಟುಕೊಂಡರು. ಬೋಧನೆಗೆ ಹೊಸ ವೈದ್ಯರು ಬಂದರು, ವಿದ್ಯಾರ್ಥಿನಿಯರ ಯೋಗಕ್ಷೇಮ ನೋಡಿಕೊಳ್ಳಲು ಪ್ರತ್ಯೇಕ ಹಿರಿಯ ಸಹೋದರಿಯ ಹುದ್ದೆ ಬಂತು. ಶಾಲೆಯಿಂದ ಹೊರಟು ದೂರದ ಆಸ್ಪತ್ರೆಗಳ ಹೊಣೆ ಹೊತ್ತವರಿಗೆ ಅವರು ದಶಕಗಳ ಕಾಲ ಪತ್ರ ಬರೆದರು, ದೂರು ಆಲಿಸಿದರು, ಹೂವು ಹಣ್ಣು ಕಳುಹಿಸಿದರು. ಸಂಸ್ಥೆಯ ಅತ್ಯಂತ ಕಿರಿಯ ಸದಸ್ಯೆ ಕಂಡದ್ದು ಅತ್ಯಂತ ಮೇಲಿನವರ ಕಿವಿಗೆ ಬೀಳದಿದ್ದರೆ ಯಾವ ನಿಯಮವೂ ಕೆಲಸ ಮಾಡದು ಎಂಬ ತಿಳಿವಳಿಕೆ ಇದರ ಹಿಂದಿತ್ತು.

ಬಡವರ ಆಸ್ಪತ್ರೆಗೂ ಈ ಬದಲಾವಣೆ ತಲುಪಿತು. ಆಗಿನ ಬಡವರ ಆಶ್ರಮಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವರು ಅಲ್ಲಿನ ನಿರ್ಗತಿಕ ಹೆಂಗಸರೇ. 1865ರಲ್ಲಿ ಲಿವರ್‌ಪೂಲ್‌ನ ಅಂಥ ಆಸ್ಪತ್ರೆಯೊಂದಕ್ಕೆ ದಾನಿ ವಿಲಿಯಂ ರಾಥ್‌ಬೋನ್ ಅವರ ನೆರವಿನಿಂದ ಆಗ್ನೆಸ್ ಜೋನ್ಸ್ ನೇತೃತ್ವದಲ್ಲಿ ತರಬೇತಾದ 12 ದಾದಿಯರು ಬಂದರು. ಮೂರು ವರ್ಷ ತುಂಬುವ ಮೊದಲೇ ಆಗ್ನೆಸ್ ಟೈಫಸ್ ಜ್ವರಕ್ಕೆ ಬಲಿಯಾದರು. ಆದರೆ ಬಡವನ ಕಾಯಿಲೆಗೂ ತರಬೇತಾದ ಕೈಗಳ ಆರೈಕೆ ಹಕ್ಕಾಗಿ ದೊರೆಯಬೇಕೆಂಬ ತತ್ವ ಅಲ್ಲಿ ಬೇರುಬಿಟ್ಟಿತ್ತು.

ಕಾಣದ ಭಾರತ, ಕಂಡ ಕೆರೆ

ನೈಟಿಂಗೇಲ್ ಭಾರತಕ್ಕೆ ಎಂದೂ ಬರಲಿಲ್ಲ. ಆದರೂ ನಾಲ್ಕು ದಶಕಗಳ ಕಾಲ ಈ ದೇಶದ ಬಗ್ಗೆ ಬರೆದರು. 1859ರಲ್ಲಿ ನೇಮಕವಾಗಿ 1863ರಲ್ಲಿ ವರದಿ ನೀಡಿದ ಭಾರತೀಯ ಸೈನ್ಯದ ನೈರ್ಮಲ್ಯ ಆಯೋಗಕ್ಕಾಗಿ, ಇಲ್ಲಿನ ಪ್ರತಿ ಸೇನಾ ಠಾಣ್ಯಕ್ಕೂ ಪ್ರಶ್ನಾವಳಿ ಕಳುಹಿಸಿ ಉತ್ತರ ತರಿಸಿ ವಿಶ್ಲೇಷಿಸಿದರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು. ಬೆಂಗಳೂರಿನ ದಂಡುಪ್ರದೇಶವೂ ಅವರ ಟಿಪ್ಪಣಿಗಳಲ್ಲಿ ಬರುತ್ತದೆ. ಪೇಟೆಯ ಮತ್ತು ಬ್ಯಾರಕ್‌ಗಳ ಕೊಳಚೆ ಹಲಸೂರು ಕೆರೆಗೆ ಹರಿಯುತ್ತಿದೆ, ಆ ಕೆರೆಯ ನೀರನ್ನೇ ಕುಡಿಯಲು ಬಳಸಲಾಗುತ್ತಿದೆ ಎಂಬುದನ್ನು ಅವರು ಎತ್ತಿ ತೋರಿಸಿದರು. ಬೆಂಗಳೂರಿನ ಕೆರೆಗಳ ಇಂದಿನ ಗತಿಯನ್ನು ಬಲ್ಲವರಿಗೆ ಇದು ಹಳೆಯ ಸುದ್ದಿ ಎನಿಸದು. ಸುಮಾರು ಒಂದು ದಶಕದ ಸುಧಾರಣೆಗಳ ನಂತರ ಸೈನಿಕರ ಸಾವಿನ ಪ್ರಮಾಣ ಸಾವಿರಕ್ಕೆ 18ಕ್ಕೆ ಇಳಿಯಿತೆಂದು ಅವರು ದಾಖಲಿಸಿದರು. ಆಮೇಲೆ ಅವರ ಗಮನ ಬ್ಯಾರಕ್‌ನಿಂದ ಹಳ್ಳಿಗೆ, ಸೈನಿಕನಿಂದ ರೈತನಿಗೆ, ಬರಗಾಲ ಮತ್ತು ನೀರಾವರಿಯ ಕಡೆಗೆ ತಿರುಗಿತು.

ಅವರ ಮಿತಿಗಳನ್ನು ಮರೆಮಾಚಬೇಕಿಲ್ಲ. ಜಮೈಕಾದ ಮೇರಿ ಸೀಕೋಲ್ ಅವರಂಥವರ ಸೇವೆಗೆ ಸಲ್ಲಬೇಕಾದ ಮನ್ನಣೆ ಈ ದಂತಕಥೆಯ ನೆರಳಿನಲ್ಲಿ ಬಹುಕಾಲ ಮುಚ್ಚಿಹೋಯಿತು. ರೋಗಾಣು ಸಿದ್ಧಾಂತವನ್ನು ನೈಟಿಂಗೇಲ್ ಒಪ್ಪಿದ್ದು ತಡವಾಗಿ. ದಾದಿಯರ ಕಾನೂನುಬದ್ಧ ನೋಂದಣಿಯನ್ನು, ಗುಣನಡತೆಯನ್ನು ಪರೀಕ್ಷೆ ಅಳೆಯಲಾರದೆಂಬ ಕಾರಣಕ್ಕೆ, ಅವರು ವಿರೋಧಿಸಿದರು. ಬ್ರಿಟನ್ನಿನಲ್ಲಿ ಅದು ಕಾಯ್ದೆಯಾದದ್ದು ಅವರ ಮರಣಾನಂತರ, 1919ರಲ್ಲಿ. ಸಂಸ್ಕೃತಿಯ ಮೇಲೆ ಅವರಿಟ್ಟ ಅತಿ ನಂಬಿಕೆ ಹಕ್ಕಿನ ಮಹತ್ವವನ್ನು ಕಾಣಲು ಅಡ್ಡಿಯಾಯಿತು. ಸೇವಾಭಾವದ ಹೆಸರಿನಲ್ಲಿ ದಾದಿಯರ ಸಂಬಳ ಮತ್ತು ದುಡಿಮೆಯ ಅವಧಿಯ ಪ್ರಶ್ನೆಗಳನ್ನು ಬದಿಗೆ ಸರಿಸುವ ಪ್ರವೃತ್ತಿ ಇಂದಿಗೂ ಉಳಿದಿದೆ. ಗೌರವದ ಮಾತು ಗೌರವಧನಕ್ಕೆ ಬದಲಿಯಾಗಲಾರದು.

1907ರಲ್ಲಿ ಬ್ರಿಟನ್ನಿನ ಆರ್ಡರ್ ಆಫ್ ಮೆರಿಟ್ ಗೌರವ ಪಡೆದ ಮೊದಲ ಮಹಿಳೆಯಾದ ನೈಟಿಂಗೇಲ್ 1910ರ ಆಗಸ್ಟ್‌ನಲ್ಲಿ ತೀರಿಕೊಂಡರು. ವೆಸ್ಟ್‌ಮಿನ್‌ಸ್ಟರ್ ಅಬೆಯಲ್ಲಿ ಸಮಾಧಿಯ ಗೌರವವನ್ನು ಕುಟುಂಬ ನಯವಾಗಿ ನಿರಾಕರಿಸಿ, ಹಳ್ಳಿಯ ಚರ್ಚಿನ ಅಂಗಳದಲ್ಲಿ ಮಣ್ಣು ಮಾಡಿತು. 2020ರ ಕೊರೊನಾ ಕಾಲದಲ್ಲಿ ಬ್ರಿಟನ್ ದಿನಗಳ ಲೆಕ್ಕದಲ್ಲಿ ಕಟ್ಟಿ ನಿಲ್ಲಿಸಿದ ತಾತ್ಕಾಲಿಕ ಆಸ್ಪತ್ರೆಗಳಿಗೆ ಅವರ ಹೆಸರಿಟ್ಟಿತು. ಅವು ನಿರೀಕ್ಷೆಯಷ್ಟು ಬಳಕೆಯಾಗಲಿಲ್ಲ. ಹಾಸಿಗೆಗಳನ್ನು ಹೊಂದಿಸುವುದು ಸುಲಭವಾಗಿತ್ತು, ಅವುಗಳ ಪಕ್ಕದಲ್ಲಿ ನಿಲ್ಲಬೇಕಾದ ತರಬೇತಾದ ಸಿಬ್ಬಂದಿಯನ್ನು ಹೊಂದಿಸುವುದು ಕಷ್ಟವಾಗಿತ್ತು. ಅವರ ಬದುಕು ಕಲಿಸಿದ ಪಾಠ ಅವರ ಹೆಸರಿನ ಕಟ್ಟಡದಲ್ಲೇ ಮರುಕಳಿಸಿತು.

ನಮ್ಮ ಜಿಲ್ಲಾ ಆಸ್ಪತ್ರೆಗಳಿಗೆ ಯಂತ್ರಗಳು ಬರುತ್ತಿವೆ, ಕಚೇರಿಗಳಿಗೆ ಬಯೋಮೆಟ್ರಿಕ್ ಹಾಜರಿ ಬಂದಿದೆ, ನಾಗರಿಕ ಸನ್ನದುಗಳು ಗೋಡೆಯ ಮೇಲಿವೆ. ಇವು ಬೇಡವೆನ್ನಲು ಕಾರಣವಿಲ್ಲ. ಆದರೆ ಉಗ್ರಾಣದಲ್ಲಿ ಔಷಧವಿದ್ದೂ ರೋಗಿಗೆ ಚೀಟಿ ಬರೆದುಕೊಟ್ಟು ಹೊರಗೆ ಕಳುಹಿಸುವ ಪರಿಪಾಠಕ್ಕೆ ಯಾರು ಉತ್ತರದಾಯಿ? ಆಸ್ಪತ್ರೆಯಲ್ಲಾದ ಸಾವಿನ ಲೆಕ್ಕವನ್ನು ಅವಮಾನವೆಂದು ಮುಚ್ಚಿಡದೆ ತಿದ್ದಿಕೊಳ್ಳುವ ದಾರಿಯೆಂದು ನೋಡುವ ಧೈರ್ಯ ನಮಗಿದೆಯೇ? ರಾತ್ರಿ ಪಾಳಿಯ ಕಿರಿಯ ದಾದಿ ತಾನು ಕಂಡ ತಪ್ಪನ್ನು ಹೆದರದೆ ಹೇಳಬಲ್ಲಳೇ? ವರ್ಷಕ್ಕೊಮ್ಮೆ ಮೇ 12ರಂದು ಮೇಣದಬತ್ತಿ ಹಚ್ಚಿ ಪ್ರತಿಜ್ಞೆ ಸ್ವೀಕರಿಸುವುದು ಒಳ್ಳೆಯ ಸಂಪ್ರದಾಯ. ಅದೇ ದಿನ ಪ್ರತಿ ಆಸ್ಪತ್ರೆಯೂ ತನ್ನ ಹಿಂದಿನ ವರ್ಷದ ಲೆಕ್ಕವನ್ನು ತನ್ನ ನೌಕರರೆಲ್ಲರ ಮುಂದೆ ಬಿಚ್ಚಿಟ್ಟು, ಕಿರಿಯರಿಂದಲೇ ಮೊದಲು ಅಭಿಪ್ರಾಯ ಕೇಳುವಂತಾದರೆ ಆ ದೀಪಕ್ಕೆ ಅರ್ಥ ಬಂದೀತು.